ದಿನಾಂಕ ಬಿಟ್ಟ ಸಂತಾಪ

ಸಂಸತ್ತಿನ ಕಾರ್ಯಾಲಯದಲ್ಲಿ ಸಂತಾಪ ಸೂಚನೆಗಳನ್ನು ಬರೆಯುವ ಗುಮಾಸ್ತನಿಗೆ ಜೊತೆಯವರು ಚಿತ್ರಗುಪ್ತನೆಂದು ಹೆಸರಿಟ್ಟಿದ್ದರು. ಯಮನ ಲಿಪಿಕಾರ ಪಾಪಪುಣ್ಯಗಳೆರಡನ್ನೂ ಬರೆದಿಡುವವನು. ಇವನು ಬರೆಯುತ್ತಿದ್ದದ್ದು ಪುಣ್ಯವನ್ನು ಮಾತ್ರ. ಎಪ್ಪತ್ತೈದು ದಾಟಿದ ಸದಸ್ಯರ ಸೂಚನೆಯನ್ನು, ದಿನಾಂಕದ ಜಾಗವಷ್ಟನ್ನು ಖಾಲಿ ಬಿಟ್ಟು, ಮೊದಲೇ ಸಿದ್ಧಪಡಿಸಿಡುವುದು ಅಲ್ಲಿಯ ವಾಡಿಕೆ. ಮೃತ್ಯು ಹೇಳಿ ಕಳುಹಿಸಿ ಬರುವುದಿಲ್ಲ. ಸದನವಾದರೋ ಹನ್ನೊಂದಕ್ಕೆ ಸರಿಯಾಗಿ ಕೂಡುತ್ತದೆ.

ಒಂಬತ್ತು ಬಾರಿ ಗೆದ್ದು ನಲವತ್ತು ವರ್ಷ ಸದನದಲ್ಲಿದ್ದ ಹಿರಿಯ ಸದಸ್ಯರು ಅಂದು ಊರುಗೋಲೂರಿ ಒಳಬಂದು, ಪರಿಚಯ ಪುಸ್ತಕಕ್ಕೆ ಕೊಡಲು ತಮ್ಮ ಜೀವನ ವಿವರ ನೋಡಬೇಕೆಂದರು. ಜೀವನ ವಿವರ, ಸಂತಾಪ ಎರಡೂ ಕಡತಗಳಿಗೆ ಒಂದೇ ಬಗೆಯ ಕೆಂಪು ದಾರ. ಚಿತ್ರಗುಪ್ತನ ಕೈ ತಪ್ಪಿತು. ಹಾಳೆ ಅವರ ಕನ್ನಡಕದ ಕೆಳಗೆ ಹೋದ ಮೇಲೆಯೇ ‘ದಿವಂಗತರು’ ಎಂಬ ಪದ ಅವನ ಕಣ್ಣಿಗೆ ಬಿದ್ದದ್ದು.

“ಸತ್ತ ಮೇಲೆ ಇಷ್ಟೊಂದು ಒಳ್ಳೆಯವನಾಗ್ತೀನಾ ತಮ್ಮಾ? ಗೊತ್ತಿದ್ರೆ ಮೊದಲೇ ಸಾಯ್ತಿದ್ದೆ.”

ಅವನು ಕ್ಷಮೆ ಬೇಡಿದ. ಅವರ ಗಮನ ಇತ್ತ ಇರಲಿಲ್ಲ. ‘ಶ್ರಮಿಕರ ಬಂಧು’ ಎಂಬಲ್ಲಿಗೆ ಬಂದು ಅವರು ಪೆನ್ನು ತೆಗೆದರು. ಆ ಎರಡು ಪದಗಳನ್ನು ಹೊಡೆದುಹಾಕಿ, ಅಂಚಿನಲ್ಲಿ ಬರೆಯತೊಡಗಿದರು. ಕೆಲಸದ ವೇಳೆ ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬಾರದೆಂಬ ಮಸೂದೆಯೊಂದು ಹಿಂದೆ ಅವರು ಅಧ್ಯಕ್ಷರಾಗಿದ್ದ ಸಮಿತಿಗೆ ಬಂದಿತ್ತು. ಗಿರಣಿ ಮಾಲೀಕರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ನಾಲ್ಕು ವರ್ಷ ಅದನ್ನು ಅವರು ಚರ್ಚೆಗೇ ಎತ್ತಿಕೊಳ್ಳಲಿಲ್ಲ. ಆಮೇಲೆ ನೂಲಿನ ಗಿರಣಿಗೆ ಬೆಂಕಿ ಬಿತ್ತು. ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಒಳಗೆ ಮೂವತ್ತೆರಡು ಹೆಂಗಸರಿದ್ದರು.

ಅಷ್ಟನ್ನೂ ಬರೆದು, ಸಹಿ ಹಾಕಿ, ಹಾಳೆಯನ್ನು ಹಿಂದಿರುಗಿಸಿದರು.

“ಇದನ್ನೇ ಓದಿಸ್ಬೇಕು.”

“ಸಂತಾಪದಲ್ಲಿ ಇಂಥದ್ದನ್ನ ಓದೋ ಪದ್ಧತಿ ಇಲ್ಲ ಸಾರ್.”

“ಸದನದಲ್ಲಿ ಎದ್ದು ನಿಂತು ಹೇಳೋಕೆ ನನಗೆ ನಾಲಿಗೆ ಬರಲಿಲ್ಲಪ್ಪ. ಯಾರೂ ಅಡ್ಡ ಮಾತಾಡದೆ ಕೇಳೋದು ಇದೊಂದನ್ನೇ. ಮಾತು ಕೊಡು.”

ಚಿತ್ರಗುಪ್ತ ಮಾತು ಕೊಟ್ಟ.

ಒಂಬತ್ತನೆಯ ದಿನ ಅವರ ಸಾವಿನ ಸುದ್ದಿ ಬಂತು. ಮರುವಾರ ಸದನ ಕೂಡುವ ದಿನ ಬೆಳಗ್ಗೆ ಮೇಜಿನ ಮೇಲೆ ಎರಡು ಹಾಳೆಗಳು: ಒಂದು ಹಳೆಯ ಒಕ್ಕಣೆಯ ಸ್ವಚ್ಛ ಪ್ರತಿ, ಇನ್ನೊಂದು ಅವರ ಕೈಬರಹದ್ದು. ಅದನ್ನು ಕಳುಹಿಸಿದರೆ, ಬದುಕಿದ್ದವರ ಕೈಗೆ ಅವರ ಸಂತಾಪವೇ ಸಿಕ್ಕಿದ್ದು ಹೇಗೆಂಬ ಪ್ರಶ್ನೆ ಮೊದಲು ಏಳುತ್ತದೆ. ಅವನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಸತ್ಯವನ್ನು ಕೈಯಲ್ಲಿಟ್ಟುಕೊಂಡು ಸುಮ್ಮನಿರುವುದೂ ಅಸತ್ಯದ ಒಂದು ಪ್ರಕಾರವೆಂದು ಅವನಿಗೆ ತಿಳಿಯದ್ದೇನಲ್ಲ. ಹತ್ತೂವರೆಯ ತನಕ ಕುಳಿತೇ ಇದ್ದ. ಬಳಿಕ ಸ್ವಚ್ಛ ಪ್ರತಿಯಲ್ಲಿ ದಿನಾಂಕ ತುಂಬಿ, ಸಭಾಧ್ಯಕ್ಷರಿಗೆ ಕಳುಹಿಸಿದ.

‘ಶ್ರಮಿಕರ ಬಂಧು’ ಎಂದು ಸಭಾಧ್ಯಕ್ಷರು ಗಂಭೀರವಾಗಿ ಓದಿದರು. ಸದನ ಒಂದು ನಿಮಿಷ ಎದ್ದು ನಿಂತಿತು. ತೆರವಾದ ಸ್ಥಾನಕ್ಕೆ ನಿಲ್ಲಲಿದ್ದ ಅವರ ಮಗ ಗಿರಣಿಯ ಕೆಲವು ಹೆಂಗಸರನ್ನು ಗ್ಯಾಲರಿಗೆ ಕರೆತಂದಿದ್ದ. ಅವರಲ್ಲೊಬ್ಬಳು, ಮೊಣಕೈತನಕ ಸುಟ್ಟ ಕಲೆಯವಳು, ಮೆಟ್ಟಿಲ ಬಳಿ ಚಿತ್ರಗುಪ್ತನನ್ನು ನಿಲ್ಲಿಸಿ, ಅದನ್ನು ಬರೆದವರು ಯಾರೆಂದು ವಿಚಾರಿಸಿದಳು. ತಾನೇ ಎಂದ.

“ಚೆನ್ನಾಗಿ ಬರೆದಿದ್ದೀರ ಅಣ್ಣಾ. ಬೆಂಕೀಲಿ ನನ್ನ ತಂಗಿ ಹೋದಾಗ ಅವರೇ ಮನೆಗೆ ಬಂದು ನೆಲದ ಮೇಲೆ ಕೂತು ಅತ್ತಿದ್ರು. ಅಂಥೋರು ಇನ್ನು ಹುಟ್ಟಲ್ಲ.”

“ಹೌದಮ್ಮಾ,” ಎಂದ ಚಿತ್ರಗುಪ್ತ. ಇನ್ನೊಂದು ಹಾಳೆ ಅವನ ಅಂಗಿಯ ಒಳಜೇಬಿನಲ್ಲಿತ್ತು. ಅವಳು ಇಳಿದುಹೋಗುವವರೆಗೂ ಅವನ ಕೈ ಜೇಬಿನ ಮೇಲೆಯೇ ಇತ್ತು.