ಪಕ್ಕದ ಸೀಟಿನ ಬ್ರೇಕ್

ನಮ್ಮ ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕ್. ಒಂದು ಕಲಿಯುವವರ ಕಾಲಡಿಯಲ್ಲಿ, ಇನ್ನೊಂದು ಪಕ್ಕದಲ್ಲಿ ಕೂರುವ ನನ್ನ ಕಾಲಡಿಯಲ್ಲಿ. ಮೂವತ್ತೊಂದು ವರ್ಷ ಆ ಎರಡನೆಯದನ್ನು ಒತ್ತಿ ಒತ್ತಿ ನನ್ನ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಹೆಂಡತಿ ಉಪ್ಪಿನ ಡಬ್ಬಕ್ಕೆ ಕೈ ಹಾಕಿದರೆ ಸಾಕು, ಕಾಲು ನೆಲಕ್ಕೆ ಧಪ್ಪೆಂದು ಬೀಳುತ್ತದೆ. ಕೆಳಗಿನ ಮನೆಯವರು ಎರಡು ಸಲ ಬಂದು ಜಗಳ ಆಡಿದ್ದಾರೆ.

ಇಂಥ ನನ್ನನ್ನು ಹುಡುಗಿಯೊಬ್ಬಳ ಕನಸು ಹುಡುಕಲು ನೇಮಿಸಿದವರಿಗೆ ಏನನ್ನೋಣ. ನಮ್ಮ ಬೀದಿಯ ಲಾಂಡ್ರಿಯ ಮೇಲೆ ಯುವಜನ ಕೇಂದ್ರ ಅಂತೊಂದಿದೆ. ಶಾಲೆ ಬಿಟ್ಟ, ಕೈ ಖಾಲಿಯಿರುವ ಹುಡುಗ ಹುಡುಗಿಯರನ್ನು ಅಲ್ಲಿನ ಮೇಡಂ ಸೇರಿಸಿಕೊಂಡು, ಒಬ್ಬೊಬ್ಬರನ್ನು ಒಬ್ಬೊಬ್ಬ ಕಸುಬಿನವರಿಗೆ ಗಂಟುಹಾಕುತ್ತಾರೆ. ಆರು ವಾರದೊಳಗೆ ಆ ಮಗು ಏನಾಗಬೇಕೆಂದು ಪತ್ತೆ ಹಚ್ಚಬೇಕು. ಕೊನೆಯ ಶನಿವಾರ, ಮಗು ಆರಿಸಿಕೊಂಡ ಕಸುಬಿನ ದೊಡ್ಡವರ ಮುಂದೆ ವೇದಿಕೆಯ ಮೇಲೆ ಮೂರು ನಿಮಿಷ ಮಾಡಿ ತೋರಿಸಬೇಕು. ಮೆಚ್ಚಿದರೆ ಅವರೇ ಸೇರಿಸಿಕೊಂಡು ಕಲಿಸುತ್ತಾರೆ.

ನನ್ನ ಪಾಲಿಗೆ ಬಂದವಳು ಹದಿನೆಂಟರ ರೇಡಿಯೊ. ಬಾಯಿ ಮುಚ್ಚದ ಕಾರಣಕ್ಕೆ ವಠಾರದವರು ಇಟ್ಟ ಹೆಸರು ಅದು. ಅರ್ಜಿಯಲ್ಲಿ ‘ನಿಮ್ಮ ಕನಸೇನು’ ಎಂದು ಕೇಳಿದ್ದಕ್ಕೆ ‘ನಿದ್ದೆ ಬಂದ್ರೆ ತಾನೆ’ ಎಂದು ಬರೆದಿದ್ದಳು. ಒಂದೇ ಕೋಣೆಯಲ್ಲಿ ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳ ಜೊತೆ ಮಲಗುವವಳು. ಬರೆದದ್ದು ಸುಳ್ಳೇನಲ್ಲ.

ಅಣ್ಣ ಗಡುವು ಕೊಟ್ಟಿದ್ದ. ಆ ಶನಿವಾರ ಏನೂ ಗಿಟ್ಟದಿದ್ದರೆ ಸೋಮವಾರದಿಂದ ಅತ್ತಿಗೆಯ ಜೊತೆ ಕಾರ್ಖಾನೆಗೆ, ಚಪ್ಪಲಿ ಡಬ್ಬಕ್ಕೆ ಅಂಟು ಹಚ್ಚಲು.

“ಅಲ್ಲಿ ಮಾತಾಡೋ ಹಾಗಿಲ್ವಂತೆ ಮೇಷ್ಟ್ರೇ,” ಎಂದಳು ರೇಡಿಯೊ. “ಒಂಬತ್ತು ಗಂಟೆ ಹೊತ್ತು.”

ಅದನ್ನು ಹೇಳುವಾಗ ಮಾತ್ರ ಅವಳ ದನಿ ಸಣ್ಣಗಾಯಿತು.

ಸರಿ, ಹುಡುಕಾಟ ಶುರುವಾಯಿತು. ಮೊದಲು ದಂತವೈದ್ಯರ ಬಳಿ ಕರೆದೊಯ್ದೆ. ಅವರು ರೋಗಿಯ ಬಾಯಿಗೆ ಇಕ್ಕಳ ಹಾಕುವುದಕ್ಕೂ ನನ್ನ ಕಾಲು ಧಪ್ಪೆನ್ನುವುದಕ್ಕೂ ಸರಿಹೋಯಿತು. ವೈದ್ಯರು ಬೆಚ್ಚಿಬಿದ್ದರು, ಇಕ್ಕಳ ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲನ್ನು ಹಿಡಿಯಿತು. ಪುಣ್ಯಕ್ಕೆ ಎಳೆಯಲಿಲ್ಲ. ಕ್ಷೌರದಂಗಡಿಯಲ್ಲಿ ಒಬ್ಬರ ಅರ್ಧ ಮೀಸೆ ಹೋಯಿತು. ಎರಡೂ ಕಡೆಯವರು ನಮ್ಮನ್ನು ಬಾಗಿಲವರೆಗೆ ಬಂದು ಬಿಟ್ಟುಹೋದರು, ಮರ್ಯಾದೆಗಲ್ಲ.

ಐದನೆಯ ವಾರ ಒಂದು ಬೆಳಿಗ್ಗೆ ಚಹಾ ಕುಡಿದು ಬಂದರೆ, ನಮ್ಮ ಕಾರಿನ ಸುತ್ತ ನನ್ನದೇ ಮೂವರು ವಿದ್ಯಾರ್ಥಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಒಳಗೆ ನನ್ನ ಸೀಟಿನಲ್ಲಿ ರೇಡಿಯೊ. ಕತ್ತು ಒಳಕ್ಕೆಳೆದು, ಒಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದು, ಬಲಗಾಲು ಚಾಚಿ ಕೂತಿದ್ದಾಳೆ.

“ನಿಧಾನ, ನಿಧಾನ,” ಎಂದಳು, ನನ್ನದೇ ಒಡಕು ದನಿಯಲ್ಲಿ. “ಅಮ್ಮಾ ತಾಯಿ, ನೀನು ತುಳೀತಿರೋದು ಕ್ಲಚ್ ಅಲ್ಲ, ನನ್ನ ಆಯುಸ್ಸು.”

ನನಗೆ ಪಿತ್ತ ನೆತ್ತಿಗೇರಿತು. ಆದರೆ ನನ್ನನ್ನು ನೋಡದ ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ದಂತವೈದ್ಯರಾದಳು, ಅವರ ರೋಗಿಯಾದಳು, ಅರ್ಧ ಮೀಸೆಯ ಮಹಾಶಯರಾದಳು. ಬೈಯಲು ಹೋದವನು ನಾನೇ ನಕ್ಕುಬಿಟ್ಟೆ. ಊರೆಲ್ಲ ಸುತ್ತಿ ಹುಡುಕುತ್ತಿದ್ದದ್ದು ನನ್ನ ಸೀಟಿನಲ್ಲೇ ಕೂತು ನನ್ನ ಮಾನ ತೆಗೆಯುತ್ತಿತ್ತು.

“ನೀನು ನಟಿ ಆಗ್ಬೇಕು ಕಣೇ,” ಎಂದೆ.

“ಅದೂ ಒಂದು ಕೆಲ್ಸಾನಾ?” ಎಂದಳು. ತಮಾಷೆಗಲ್ಲ, ನಿಜವಾಗಿಯೂ ಕೇಳಿದಳು.

ಮೇಡಂ ಓಡಾಡಿ ನಾಟಕ ಶಾಲೆಯ ಮುಖ್ಯಸ್ಥರನ್ನು ಒಪ್ಪಿಸಿದರು. ಊಟ, ವಸತಿ ಸಮೇತ ಒಂದು ಸೀಟು ಇದೆ, ಹುಡುಗಿ ಮಾಡಿ ತೋರಿಸಲಿ ಎಂದರು ಅವರು.

“ನಿಮ್ಮನ್ನೇ ಮಾಡ್ಲಾ ಮೇಷ್ಟ್ರೇ? ಅದೇ ಚೆನ್ನಾಗಿ ಬರೋದು,” ಎಂದು ಕೇಳಿದಳು ರೇಡಿಯೊ.

“ನನ್ನ ತಲೆ ಉರುಳಿದ್ರೂ ಬೇಡ,” ಎಂದೆ. ನನ್ನ ಹಳೆಯ ವಿದ್ಯಾರ್ಥಿಗಳು ಅರ್ಧ ಊರು ತುಂಬಿದ್ದಾರೆ. ಮೂವತ್ತೊಂದು ವರ್ಷ ಕಾಪಾಡಿಕೊಂಡ ಮರ್ಯಾದೆಯನ್ನು ಮೂರು ನಿಮಿಷದಲ್ಲಿ ಹರಾಜು ಹಾಕಲೇ? ಬದಲಿಗೆ ನಾನೇ ಎರಡು ದಿನ ಕೂತು ಅವಳಿಗೊಂದು ಭಾಷಣ ಬರೆದುಕೊಟ್ಟೆ. ವಿಷಯ, ರಸ್ತೆ ಸುರಕ್ಷತೆ. ನಟನೆಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲವೆಂದು ಆಗ ನನಗೆ ಪೂರ್ತಿ ನಂಬಿಕೆಯಿತ್ತು. ಹುಡುಗಿ ಎದುರಾಡದೆ ಬಾಯಿಪಾಠ ಮಾಡಿದಳು.

ಶನಿವಾರ ಕೇಂದ್ರದ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುಖ್ಯಸ್ಥರು, ಅವರ ಪಕ್ಕ ನಾನು, ಹಿಂದೆ ನನ್ನ ಹೆಂಡತಿ, ರೇಡಿಯೊಳ ಅಣ್ಣ, ಅತ್ತಿಗೆ.

“ಪಾದಚಾರಿಗಳು ಬಿಳಿ ಪಟ್ಟೆಯ ಮೇಲೆಯೇ ರಸ್ತೆ ದಾಟತಕ್ಕದ್ದು,” ಎಂದು ಶುರುಮಾಡಿದಳು ರೇಡಿಯೊ. ನನ್ನ ಜನ್ಮದಲ್ಲಿ ಅಷ್ಟು ಸಪ್ಪೆ ಮಾತು ಕೇಳಿರಲಿಲ್ಲ, ಅದೂ ನಾನೇ ಬರೆದದ್ದು. ಮುಖ್ಯಸ್ಥರು ಆಕಳಿಸಿದರು. ಗಡಿಯಾರ ನೋಡಿಕೊಂಡರು. ಹಿಂದಿನಿಂದ ಅತ್ತಿಗೆ ಅಣ್ಣನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಸೋಮವಾರ ಬೇಗ ಎಬ್ಬಿಸ್ಬೇಕು ಇವಳನ್ನ.”

ವೇದಿಕೆಯ ಮೇಲೆ ಆ ಹುಡುಗಿಯ ಮುಖ ನೋಡಿದೆ. ನನ್ನ ಕಾಗದವನ್ನು ನಂಬಿ ಮುಳುಗುತ್ತಿದ್ದಳು. ನನಗೆ ನಾಚಿಕೆಯಾಯಿತು. ನನ್ನ ಕಾಲು ಬಿತ್ತು, ಈ ಸಲ ನೆಲದ ಮೇಲಲ್ಲ, ಮುಖ್ಯಸ್ಥರ ಪಾದದ ಮೇಲೆ.

“ಅಯ್ಯಯ್ಯೋ,” ಎಂದರು ಅವರು. ಇಡೀ ಹಾಲ್ ನಮ್ಮ ಕಡೆ ತಿರುಗಿತು. ಇನ್ನು ಉಳಿದ ಮಾನ ಎಷ್ಟು? ಎದ್ದೆ. ಎರಡು ಕುರ್ಚಿ ಎತ್ತಿಕೊಂಡು ವೇದಿಕೆ ಹತ್ತಿ, ಅಕ್ಕಪಕ್ಕ ಇಟ್ಟೆ.

“ನನ್ನನ್ನೇ ಮಾಡು,” ಎಂದೆ.

ನಾನು ಅಭ್ಯಾಸದಂತೆ ನನ್ನ ಕಡೆಯ ಕುರ್ಚಿಗೆ ಹೋದರೆ ರೇಡಿಯೊ ತಡೆದಳು.

“ಇದು ನಂದು. ನೀವು ಸ್ಟೀರಿಂಗ್ ಹಿಡೀರಿ,” ಎಂದಳು.

ಅಲ್ಲಿಂದ ಮುಂದೆ ನನಗೆ ಸರಿಯಾಗಿ ನೆನಪಿಲ್ಲ. ಇಲ್ಲದ ಸ್ಟೀರಿಂಗ್ ಹಿಡಿದು ಇಲ್ಲದ ರಸ್ತೆಯಲ್ಲಿ ಹೊರಟೆ. ಪಕ್ಕದಲ್ಲಿ ನಾನೇ ಕೂತು ನನ್ನನ್ನು ಬೈಯುತ್ತಿದ್ದೆ. ಅವಳು ಕಾಲು ಧಪ್ಪೆನ್ನಿಸಿದಾಗಲೆಲ್ಲ ನಿಜವಾಗಿ ಮುಂದಕ್ಕೆ ಮುಗ್ಗರಿಸಿದೆ. ಎರಡು ಸಲ ಬೆವರಿದೆ, ಒಂದು ಸಲ “ಕ್ಷಮಿಸಿ ಮೇಷ್ಟ್ರೇ” ಎಂದೂ ಅಂದೆನಂತೆ. ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ನನ್ನ ಹೆಂಡತಿಯಂತೂ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅತ್ತಿಗೆ ನಗುತ್ತಾ ಅಣ್ಣನ ಬೆನ್ನಿಗೆ ಗುದ್ದುತ್ತಿದ್ದಳು.

ಮೂರು ನಿಮಿಷ ಎಂದದ್ದು ಹನ್ನೊಂದಾಯಿತು. ಯಾರೂ ಗಡಿಯಾರ ನೋಡಲಿಲ್ಲ.

ಮುಖ್ಯಸ್ಥರು ಕುಂಟುತ್ತಾ ವೇದಿಕೆಯ ಹತ್ತಿರ ಬಂದು, ಕಣ್ಣೊರೆಸಿಕೊಂಡು, ಸೋಮವಾರ ಬೆಳಿಗ್ಗೆಯೇ ಬಂದು ಸೇರಿಕೋ ಎಂದರು. ಆಮೇಲೆ ಕೇಳಿದರು:

“ಇದನ್ನೆಲ್ಲಾ ನಿನಗೆ ಯಾರಮ್ಮ ಕಲ್ಸಿದ್ದು? ಇವರಾ?”

ನಾನು ಅಂಗಿ ಸರಿಮಾಡಿಕೊಂಡೆ.

“ಇಲ್ಲ ಸರ್,” ಎಂದಳು ರೇಡಿಯೊ. “ಇವ್ರು ಏನೂ ಕಲಿಸ್ಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿದ್ರು.”

ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.