ಮಣ್ಣಿಗೆ ಬಾರದ ಅಳಿಯ

ತರನ್ನುಮಳ ಸಾವಿನ ಸುದ್ದಿ ಬ್ಯಾಡಗಿಗೆ ಬಂದದ್ದು ಶುಕ್ರವಾರ ಬೆಳಿಗ್ಗೆ. ಅವಳ ತಂದೆ ರಹಿಮಾನಸಾಬರು ಆಗಷ್ಟೇ ಹೊಲಿಗೆ ಅಂಗಡಿ ತೆಗೆದು ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಹಾವೇರಿಯ ಆಸ್ಪತ್ರೆಯಿಂದ ಹೆಂಡತಿ ಮಹಮೂದಾಬೇಗಂ ಫೋನಿನಲ್ಲಿ ಅತ್ತಳು.

"ಜ್ವರ ಇಳೀತು ಅಂದಿದ್ರು... ಮಗಳು ಹೋದ್ಳರಿ. ಅಳಿಯಗ ಲಗೂ ಹೇಳ್ರಿ, ರಾಣೆಬೆನ್ನೂರಿಂದ ಬರಬೇಕು ಅವ."

"ನಾ ಹೇಳ್ತೇನಿ" ಅಂದರು ಸಾಬರು.

ಹೇಳಲಿಲ್ಲ. ಫೋನಿನಲ್ಲಿ ಅಳಿಯ ತೌಸಿಫ್‌ನ ಹೆಸರು ತೆಗೆದು ನೋಡಿದರು, ಹಾಗೆಯೇ ಕಿಸೆಗೆ ಹಾಕಿಕೊಂಡರು. ಅತ್ತೆಯ ಜತೆ ಹೊಂದದೆ ಮಗಳು ಎಂಟು ತಿಂಗಳಿಂದ ತವರಿನಲ್ಲಿದ್ದಳು. ತಾಯಿಗೆ ಒಂದು ಮಾತು ಎದುರಾಡದ ಆ ಅಳಿಯನ ಮೇಲೆ ಸಾಬರ ಹೊಟ್ಟೆಯಲ್ಲಿ ಬೆಂಕಿ ಇತ್ತು. ನಲವತ್ತು ವರ್ಷ ಊರ ಮಂದಿಯ ಅಂಗಿ ಹೊಲಿದ ಕೈ ಅಂದು ಮಗಳಿಗಾಗಿ ಹೊಲಿಗೆಯಿಲ್ಲದ ಬಿಳಿ ಬಟ್ಟೆ ಕತ್ತರಿಸಿತು. ಜುಮ್ಮಾ ನಮಾಜಿನ ಬೆನ್ನಿಗೇ ಮಣ್ಣು ಮುಗಿಯಿತು. ಯಾರಿಂದಲೋ ತಿಳಿದು ತೌಸಿಫ್ ಓಡಿ ಬಂದಾಗ ಹೊತ್ತು ಇಳಿದಿತ್ತು. ಸಾಬರು ಬಾಗಿಲು ತೆರೆಯಲಿಲ್ಲ.

ಮೂರು ತಿಂಗಳ ಮೇಲೆ ತೌಸಿಫ್ ಹಾವೇರಿ ಕೋರ್ಟಿನಲ್ಲಿ ಅರ್ಜಿ ಹಾಕಿದ. ತಾಯಿಯ ಜತೆ ಬಂದು ಅಜ್ಜಿಯ ಮನೆಯಲ್ಲೇ ಉಳಿದಿದ್ದ ಆರು ವರ್ಷದ ಮಗಳು ಮುಸರತ ತನ್ನ ಹತ್ತಿರ ಇರಬೇಕು ಎಂದು.

"ತಂದಿಗೆ ಹಕ್ಕು ಐತಿ ಸಾಬ್ರ, ಅದನ್ನ ಇಲ್ಲ ಅನ್ನಾಕ ಬರೂದಿಲ್ಲ" ಎಂದರು ಸಾಬರ ವಕೀಲ ವೀರೇಂದ್ರ. "ಆದರ ತಾಯಿ ಇಲ್ಲದ ಹೆಣ್ಣಮಗು ಅಜ್ಜಿ ಹತ್ರ ಬೆಳೀಬಹುದು ಅಂತ ನಿಮ್ಮ ಕಾಯ್ದೆನೂ ಹೇಳತೈತಿ. ಜಡ್ಜ್ ಸಾಹೇಬ್ರು ನೋಡೂದು ಮಗುವಿನ ಹಿತ. ಹೆಂಡತಿ ಮಣ್ಣಿಗೂ ಬರದವ ಮಗಳನ್ನ ಏನು ನೋಡ್ಯಾನು? ಸುದ್ದಿ ಮುಟ್ಟಿಸಿದ್ರಿ ಹೌದಲ್ಲೊ?"

"ಹೂಂ" ಅಂದರು ಸಾಬರು. ಪ್ರಮಾಣಪತ್ರದಲ್ಲಿ ಅದನ್ನೇ ಬರೆಸಿದ್ದಾಯಿತು, ಸಹಿಯೂ ಬಿತ್ತು.

ಸಾಕ್ಷಿಯ ದಿನ ಕೋರ್ಟಿನ ಪಡಸಾಲೆಯಲ್ಲಿ ಮುಸರತ ಅಜ್ಜಿಯ ಕೈ ಬಿಡಿಸಿಕೊಂಡು ತಂದೆಯ ಹತ್ತಿರ ಓಡಿದಳು.

"ಅಬ್ಬಾ, ಇಷ್ಟು ಗಡ್ಡ ಯಾಕ ಬಿಟ್ಟೀದಿ? ನಾನಾನಕಿಂತ ಮುದುಕ ಕಾಣಸ್ತಿ!"

"ಕತ್ತರಿ ನಿನ್ನ ನಾನಾನ ಹತ್ರ ಐತೆಲ್ಲವಾ."

ಹುಡುಗಿ ಅಜ್ಜನ ಕಡೆ ನೋಡಿ ಗಟ್ಟಿಯಾಗಿ ನಕ್ಕಳು. ತಾಯಿ ಹೋದಮೇಲೆ ಆ ನಗು ಸಾಬರು ಕೇಳಿರಲಿಲ್ಲ.

ಒಳಗೆ ಕಟಕಟೆಯಲ್ಲಿ ನಿಂತು ಅಲ್ಲಾಹನ ಹೆಸರಿನಲ್ಲಿ ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡಿದರು. ತೌಸಿಫ್‌ನ ವಕೀಲೆ ಶ್ವೇತಾ ಎದ್ದು ಒಂದೇ ಪ್ರಶ್ನೆ ಕೇಳಿದಳು.

"ಮಗಳು ತೀರಿಕೊಂಡ ಸುದ್ದಿಯನ್ನ ನೀವು ಅಳಿಯಗ ಹೇಳಿದ್ರೇನ್ರಿ?"

ಹಿಂದಿನ ಬೆಂಚಿನಲ್ಲಿ ಮಹಮೂದಾಬೇಗಂ ಧೈರ್ಯದಿಂದ ತಲೆಯಾಡಿಸಿದಳು; ಗಂಡ ಹೇಳಿದ್ದಾನೆಂದೇ ಅವಳು ನಂಬಿದ್ದಳು. ಹೌದು ಅಂದರೆ ಮುಸರತ ಬ್ಯಾಡಗಿಯಲ್ಲಿ ಉಳಿಯುತ್ತಾಳೆ. ಒಂದೇ ಮಾತು. ಕಟಕಟೆಯ ಕಟ್ಟಿಗೆ ಹಿಡಿದ ಸಾಬರ ಬೆರಳುಗಳಿಗೆ ಆ ಬಿಳಿ ಬಟ್ಟೆಯ ನುಣುಪು ತಾಕಿದಂತಾಯಿತು.

"ಇಲ್ಲರಿ" ಅಂದರು. "ಕಾಗದದಾಗ ಬರೆಸಿದ್ದು ಸುಳ್ಳು. ಅವ ಬರಲಿಲ್ಲ ಅಂತಲ್ಲ, ನಾ ಬರಗೊಡಲಿಲ್ಲ."

ವೀರೇಂದ್ರ ಕಣ್ಣು ಮುಚ್ಚಿದರು.

"ಪ್ರಮಾಣ ಮಾಡಿ ಸುಳ್ಳು ಬರೆಸಿದರೆ ಶಿಕ್ಷೆ ಇದೆ, ಗೊತ್ತೇ?" ನ್ಯಾಯಾಧೀಶರ ದನಿ ಗಡುಸಾಗಿತ್ತು.

"ಗೊತ್ತೈತ್ರಿ. ಅಲ್ಲಾಹನ ಹತ್ರ ಸಿಗೂದರ ಮುಂದ ಇಲ್ಲೀದು ಸಣ್ಣದು."

ಮರಳುವಾಗ ಮಹಮೂದಾಬೇಗಂ ಬಸ್ಸಿನಲ್ಲಿ ಗಂಡನ ಪಕ್ಕ ಕೂಡಲಿಲ್ಲ. "ನನಗೂ ಸುಳ್ಳು ಹೇಳಿದ್ರಿ" ಎಂದಷ್ಟೇ ಅಂದಳು.

ಮುಂದಿನ ತಿಂಗಳು ನ್ಯಾಯಾಧೀಶರು ಮಗುವನ್ನು ಒಳಗೆ ಕರೆದು ಮಾತಾಡಿಸಿ ಆದೇಶ ಕೊಟ್ಟರು: ಮುಸರತ ತಂದೆಯ ಹತ್ತಿರ ಇರಬೇಕು, ಪ್ರತಿ ಶನಿವಾರ ಭಾನುವಾರ ಅಜ್ಜಿಯ ಮನೆಯಲ್ಲಿ. ಸುಳ್ಳು ಪ್ರಮಾಣದ ವಿಚಾರಣೆ ಬೇರೆ ನಡೆಯಲಿ ಎಂದೂ ಬರೆದರು.

ಕರೆದೊಯ್ಯಲು ಬಂದ ದಿನ ತೌಸಿಫ್ ಹೊಸ್ತಿಲ ಆಚೆಯೇ ನಿಂತ. ಈ ಸಲ ಬಾಗಿಲು ತೆರೆದಿತ್ತು.

"ಮಾಮಾ, ಆಕಿ ಎಲ್ಲಿ ಮಲಗ್ಯಾಳ, ಅಷ್ಟ ತೋರಸ್ರಿ."

ಮೂವರೂ ಕಬರಸ್ತಾನಕ್ಕೆ ನಡೆದರು. ಸಾಬರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಳಿಯನ ಅಂಗೈಗೆ ಹಾಕಿದರು. ಅವನು ಗೋರಿಯ ಮೇಲೆ ಬಿಟ್ಟ. ಹೀಗೆ ಮೂರು ಸಲ. ಅಂದು ಕೊಡಬೇಕಾಗಿದ್ದ ಮಣ್ಣು. ಮುಸರತ ಇಬ್ಬರ ನಡುವೆ ಪುಟ್ಟ ಕೈಗಳನ್ನು ಎತ್ತಿ ನಿಂತಳು. ಸಾಬರೂ ಕೈ ಎತ್ತಿದರು.

"ಯಾ ಅಲ್ಲಾ, ನನ್ನ ಮಗಳ ತಪ್ಪು ಮಾಫ್ ಮಾಡು. ನನ್ನ ತಪ್ಪನ್ನ ಆಕಿ ಮ್ಯಾಲೆ ಹಾಕಬ್ಯಾಡ. ಆಕಿ ಮಲಗಿದ ಜಾಗಾ ವಿಶಾಲ ಮಾಡು, ಬೆಳಕು ಕೊಡು, ಶಾಂತಿ ಕೊಡು. ಆಮೀನ್."