ದಾಟ್ಬೇ...

ನದಿಯ ನೀರಿನ ಮಟ್ಟ ಅಳೆಯುವ ತಗಡಿನ ಕೋಣೆಯ ಕಾವಲುಗಾರನಿಗೆ ಊರಿಟ್ಟ ಹೆಸರು ಗುಡುಗಪ್ಪ. ಊಟ ಆಯಿತೇ ಎಂದು ಅವನನ್ನು ಕೇಳಿದವರು, ಉತ್ತರ ಮುಗಿಯುವಷ್ಟರಲ್ಲಿ ತಾವೇ ಹಸಿದು ಸೊರಗಿರುತ್ತಿದ್ದರು. ಆ ಕೋಣೆಗೆ ಕರೆಂಟಿನ ತಂತಿಯಿಲ್ಲ. ಮಾಡಿನ ಮೇಲೊಂದು ಸೋಲಾರ್ ಪ್ಯಾನೆಲ್, ಕೆಳಗೊಂದು ಬ್ಯಾಟರಿ. ನೀರಿನ ಲೆಕ್ಕವಿಡುವ ಅಂಗೈಯಗಲದ ಕಂಪ್ಯೂಟರಿಗೂ ಮಗಳೊಡನೆ ಮಾತಾಡುವ ವಾಕಿಟಾಕಿಗೂ ಅದೇ ಅನ್ನ. ಇಷ್ಟು ಕರೆಂಟಿನಲ್ಲೇ ಇಡೀ ಪಟ್ಟಣಕ್ಕೆ ದೀಪ ಹಚ್ಚಿಬಿಡುತ್ತೇನೆಂದು ಅವನು ಕೊಚ್ಚಿಕೊಳ್ಳದ ದಿನವಿಲ್ಲ.

ಹಿಂದಿನ ದಿನ ಭಾವಮೈದುನ ಬಂದಾಗ ಅದನ್ನು ಮಾಡಿ ತೋರಿಸಲೂ ಹೊರಟ. ಕಂಪ್ಯೂಟರಿನಲ್ಲಿ ಸಿನಿಮಾ, ಪಕ್ಕದಲ್ಲಿ ಫ್ಯಾನು, ನೆತ್ತಿಯ ಮೇಲೆ ದೀಪ. ಮೋಡ ಕವಿದಿದೆ, ಬ್ಯಾಟರಿ ಬರಿದಾದೀತು ಎಂದು ಭಾವಮೈದುನ ಎಚ್ಚರಿಸಿದರೆ, ತನ್ನ ಬ್ಯಾಟರಿ ಮೋಡವನ್ನೇ ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ ಎಂದ.

ಈಗ ನಡುಮಧ್ಯಾಹ್ನವೇ ಮುಸ್ಸಂಜೆಯಂತಿತ್ತು. ನದಿ ಆಕಾಶ ನೆಕ್ಕುವಂತೆ ಉಕ್ಕಿತ್ತು. ಫೋನಿನ ಟವರು ಬೆಳಗ್ಗೆಯೇ ಕೈಕೊಟ್ಟಿತ್ತು. ಕಿಟಕಿಯಿಂದ ಕಾಣುವ ಸೇತುವೆಯ ನಡುಗಂಬ ನೋಡನೋಡುತ್ತಲೇ ವಾಲುತ್ತಿತ್ತು. ಆಚೆ ದಡವೆಲ್ಲ ಮಂಜು. ಆ ಮಂಜಿನೊಳಗಿಂದ, ಆಸ್ಪತ್ರೆಗೆ ಆಕ್ಸಿಜನ್ ಸಿಲಿಂಡರ್ ಸಾಗಿಸುವ ತನ್ನ ವ್ಯಾನಿನಿಂದ, ಮಗಳ ದನಿ ವಾಕಿಟಾಕಿಯಲ್ಲಿ ಬಂತು.

"ಅಪ್ಪಾ, ಸೇತುವೆ ಹತ್ರ ಬಂದಿದೀನಿ. ಏನೂ ಕಾಣ್ತಿಲ್ಲ. ದಾಟ್ಲಾ?"

ಗುಡುಗಪ್ಪ ವಾಕಿಟಾಕಿಗೆ ಕೈಹಾಕಿ ಗುಂಡಿ ಒತ್ತಿದ. ಆದರೂ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು.

"ನೋಡು ಮಗಳೇ, ಈ ನದಿ ಹಣೆಬರಹ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳು, ಅದಕ್ಕೇ ಹೇಳ್ತೀನಿ, ನೀನು ಈಗ ದಾಟ್ಬೇ..."

ದೀಪ ಆರಿತು. ವಾಕಿಟಾಕಿ ಕಲ್ಲಾಯಿತು. ಕೇಳುವುದಕ್ಕೆ ಹನಿ ಕರೆಂಟು ಸಾಕು, ಮಾತಾಡುವುದಕ್ಕೆ ಬೊಗಸೆ ಬೇಕು. ಆ ಬೊಗಸೆಯನ್ನು ನಿನ್ನೆಯ ಸಿನಿಮಾ ಕುಡಿದಿತ್ತು.

ಒಂದೇ ಒಂದು ಅಕ್ಷರ ಗಂಟಲಲ್ಲಿ ಉಳಿದಿತ್ತು. ಅದು 'ಡ' ಎಂದು ಅವನಿಗೆ ಗೊತ್ತು. 'ಕು' ಅಲ್ಲವೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಕಂಪ್ಯೂಟರಿನ ತಂತಿ ಕಿತ್ತೆಸೆದ. ಮಾಡು ಹತ್ತಿದ. ಪ್ಯಾನೆಲ್ಲಿಗೆ ಅಂಟಿದ ಒದ್ದೆ ಎಲೆಗಳನ್ನು ಅಂಗಿ ಬಿಚ್ಚಿ ಒರೆಸಿದ. ಗಾಜು ಸವೆದುಬಿಡುವಂತೆ ಒರೆಸಿದ. ಬೇಡ, ಬೇಡ ಎಂದು ಕೂಗಿದ. ಏಳು ಊರಿಗೆ ಕೇಳಿಸುತ್ತಿದ್ದ ಆ ಗಂಟಲು ನದಿಯ ಮೊರೆತದಲ್ಲಿ ಸೊಳ್ಳೆಯ ಸದ್ದಾಯಿತು. ಮೋಡ ತುಸು ಬೆಳ್ಳಗಾಯಿತು. ಅಷ್ಟರಲ್ಲೇ ನಡುಗಂಬ ಮಂಡಿಯೂರಿತು, ಸೇತುವೆ ಸೊಂಟ ಮುರಿದುಕೊಂಡು ನೀರಿಗೆ ಬಿತ್ತು.

ಮಾಡಿನಿಂದ ಇಳಿದನೋ ಜಾರಿದನೋ, ಅವನಿಗೇ ತಿಳಿಯಲಿಲ್ಲ. ಒಳಗೆ ವಾಕಿಟಾಕಿಯ ಹಸಿರು ದೀಪ ಸಾಸಿವೆಯಷ್ಟು ಮಿನುಗುತ್ತಿತ್ತು. ಅದನ್ನು ಎತ್ತಿಕೊಂಡ. ಗುಂಡಿಯ ಮೇಲಿಟ್ಟ ಬೆರಳು ಒತ್ತಲು ಒಪ್ಪಲಿಲ್ಲ. ಒತ್ತಿದರೆ ಇದೂ ಸತ್ತೀತು. ಸಾಯದಿದ್ದರೂ, ಕರೆದಾಗ ಆ ಕಡೆಯಿಂದ ಯಾರೂ ಓಗೊಡದಿದ್ದರೆ? ಕಿವಿಗೆ ಒತ್ತಿ ಹಿಡಿದು ಕುಳಿತ. ಬರೀ ಗೊರಗೊರ ಸದ್ದು. ಮತ್ತೆ ಗೊರಗೊರ.

"ಅಪ್ಪಾ... ಸೇತುವೆ ಬಿತ್ತು. ನಾನು ದಾಟಿಲ್ಲ, ಈಚೆನೇ ಇದೀನಿ."

ಅವನು ಗೋಡೆ ಹಿಡಿದುಕೊಂಡ.

"ನೀನು ಮಾತನ್ನ ಅರ್ಧಕ್ಕೆ ನಿಲ್ಸಿದ್ದು ಹುಟ್ಟಿದಾಗಿಂದ ಕೇಳಿರ್ಲಿಲ್ಲ. ಬೇಕೋ ಬೇಡ್ವೋ ಅಂತ ಯೋಚನೆನೇ ಬರ್ಲಿಲ್ಲ, ನಿನಗೇನೋ ಆಯ್ತು ಅಂತ ಕೈಕಾಲು ನಡುಗಿಹೋಯ್ತು. ವ್ಯಾನ್ ಓಡ್ಸೋಕಾಗ್ದೆ ಇಲ್ಲೇ ಕೂತಿದೀನಿ. ಇದೀಯೇನಪ್ಪಾ?"

ಹೇಳಲು ಅವನ ಎದೆಯಲ್ಲಿ ಏಳು ಜನ್ಮಕ್ಕಾಗುವಷ್ಟು ಮಾತಿತ್ತು. ಹಸಿರು ದೀಪ ನಡುಗುತ್ತಿತ್ತು. ಗುಂಡಿ ಒತ್ತಿ, "ಹೂಂ" ಎಂದು, ಒಡನೆಯೇ ಬಿಟ್ಟುಬಿಟ್ಟ.